ಅಷ್ಟೂರಿನಿಂದ ಹಾರಬೇಕಿದ್ದ ಗೋಳ

ಔರಾದ
9 ನವೆಂಬರ್ 1947

ದೋಸ್ತ ವಾಹೀದನಿಗೆ,

ಶರಣು ಒಂದು, ಸಲಾಮು ಒಂದು. ಎರಡರಲ್ಲಿ ನಿನಗೆ ಬೇಕಾದುದನ್ನು ಇಟ್ಟುಕೊಂಡು ಇನ್ನೊಂದನ್ನು ಶಮೀಮ ಭಾಬಿಗೆ ಕೊಡು.

ಬೀದರಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದುವಾಗ ನೀನು ನನಗೆ ಬೀಜಗಣಿತ ಕಲಿಸಿದೆ, ನಾನು ನಿನಗೆ ಕನ್ನಡ ಅಕ್ಷರ ಕಲಿಸಿದೆ. ನಿನ್ನ ಕಳೆದ ಕಾಗದ ನೋಡಿದ ಮೇಲೆ ಇಬ್ಬರಲ್ಲಿ ಕೆಟ್ಟ ಮಾಸ್ತರ ಯಾರೆಂದು ಗೊತ್ತಾಯಿತು. ಲ ಬೇರೆ, ಳ ಬೇರೆ ಎಂದು ಎಷ್ಟು ಬಡಿದುಕೊಂಡಿದ್ದೆ! ‘ನೀನೇ ಹೇಳು’ ಎಂದು ಬರೆಯಹೋಗಿ ನೀನು ಏನು ಬರೆದಿದ್ದೀಯ ಗೊತ್ತೇ? ನಾನು ಚಂದ್ರಭಾಗಾಳ ಮುಂದೆ ಗಟ್ಟಿಯಾಗಿ ಓದುತ್ತಿದ್ದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಇರಲಿ. ಒಂದು ಕಥೆ ಹಿಡಿದಿದ್ದೇನೆ, ನಗಬೇಡ. ಬೀದರಿನ ಇಬ್ಬರು ಗೆಳೆಯರು ಚಂದ್ರನ ಮೇಲೆ ಹೋಗುತ್ತಾರೆ. ಮಂತ್ರದಿಂದಲ್ಲ, ತಪಸ್ಸಿನಿಂದಲ್ಲ, ವಿಜ್ಞಾನದಿಂದ. ರಹೀಮ ಬಿದರಿ ಕೆಲಸದವನು, ಸತುವು ತಾಮ್ರ ಕರಗಿಸಿ ಎರಕ ಹೊಯ್ಯುತ್ತಾನೆ. ಮಲ್ಲಯ್ಯ ನನ್ನ ಹಾಗೆ ಸಾಲಿ ಮಾಸ್ತರ. ಇಬ್ಬರೂ ಸೇರಿ ಹಾರುವ ವಾಹನ ಮಾಡುತ್ತಾರೆ. ಇಷ್ಟು ಸುಲಭವಾಗಿ ಬಂತು. ಆ ವಾಹನಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿ ಹದಿನೈದು ದಿನದಿಂದ ಕೂತಿದ್ದೇನೆ.

ವಿಮಾನ ಎಂದು ಬರೆದು ಓದಿದೆ. ಚಂದ್ರಭಾಗಾ ಕೈ ಮುಗಿದಳು. ಯಾಕೆ ಎಂದರೆ, “ವಿಮಾನ ಅಂದ್ರ ದೇವರು ಬರ್ತಾನಲ್ಲರಿ, ಮತ್ತ ಕೈ ಮುಗಿಬ್ಯಾಡೇನು?” ಎಂದಳು. ಕೊಪ್ಪರಿಗೆ ಎಂದರೆ ಬೆಲ್ಲ ಕುದಿಯುತ್ತದೆ, ಡಬ್ಬಿ ಎಂದರೆ ಎಲೆ ಅಡಿಕೆ ನೆನಪಾಗುತ್ತದೆ. ನನಗೆ ಗೊತ್ತಿರುವ ವಿಜ್ಞಾನವೆಲ್ಲ ಸರಕಾರಿ ಸಾಲೆಯ ಉರ್ದು ಪುಸ್ತಕದ್ದು. ಭೂಮಿ ಎಳೆಯುವುದಕ್ಕೆ ಕಶಿಶ್, ಮಿಂಚಿನ ಶಕ್ತಿಗೆ ಬರ್ಕ್. ಕನ್ನಡ ಮಾತ್ರ ಭಾಲ್ಕಿಯ ಮಠದಲ್ಲಿ ಸಂಜೆ ಕೂತು ಕಲಿತದ್ದು. ನನ್ನ ತಲೆಯಲ್ಲಿ ಇವೆರಡೂ ಬೇರೆ ಬೇರೆ ಮನೆಯಲ್ಲಿವೆ, ಒಂದಕ್ಕೊಂದು ಮಾತಿಲ್ಲ.

ಕೊನೆಗೆ ‘ಗೋಳ’ ಎಂದು ಇಟ್ಟಿದ್ದೇನೆ, ಭೂಗೋಳದ ಗೋಳ. ಯಾರೂ ಕೈ ಮುಗಿಯಲಿಲ್ಲ. ಈಗ ನೀನು ಬರೆ: ಗೋಳ ಎಷ್ಟು ಜೋರಾಗಿ ಹಾರಬೇಕು? ಅಲ್ಲಿ ಉಸಿರಾಡುವುದು, ನಡೆಯುವುದು ಹೇಗೆ? ಸಾಲೆಯಲ್ಲಿ ಸೈನ್ಸ್ ಕಲಿಸುವವನು ನೀನು. ನನಗೆ ಕಥೆ ಕಟ್ಟುವುದಷ್ಟೇ ಬರುತ್ತದೆ, ಅದೂ ಈಗ ಅನುಮಾನ.

ನಿನ್ನ
ಹಾವಗೆಪ್ಪ


ಬೀದರ
2 ಡಿಸೆಂಬರ್ 1947

ಹಾವಗ್ಯಾ,

ಸಲಾಮು ನಾನು ಇಟ್ಟುಕೊಂಡೆ, ಶರಣು ಶಮೀಮಗೆ ಕೊಟ್ಟೆ.

ನಿನ್ನ ಮನೆಯಾಕೆಯ ಎದುರು ಮತ್ತೆ ಮರ್ಯಾದೆ ಹೋಗುವುದು ಬೇಡ ಎಂದು ಒಂದು ನಿರ್ಧಾರ ಮಾಡಿದ್ದೇನೆ. ನನಗೆ ಬಾರದ ಆ ಅಕ್ಷರ ಇರುವ ಮಾತನ್ನೇ ಇನ್ನು ಬರೆಯುವುದಿಲ್ಲ. ಅದಕ್ಕೇ ಈ ಒಂದು ಕಾಗದಕ್ಕೆ ಮೂರು ದಿನ ಹಿಡಿಯಿತು. ಬಹುವಚನ ಬಹುತೇಕ ಬಿಟ್ಟೆ. ಒಂದೇ ಒಂದು ಮಾತು ಬಿಡಲು ಆಗಲಿಲ್ಲ, ಅದು ನಿನ್ನ ಗೋಲ. ಅದನ್ನು ನನಗೆ ಬಂದಂತೆ ಬರೆಯುತ್ತೇನೆ, ನೀನು ತಿದ್ದಿ ಓದು.

ಈಗ ವಿಷಯ. ಭೂಮಿಯ ಕಶಿಶ್ ದಾಟಲು ಗೋಲಕ್ಕೆ ಸೆಕೆಂಡಿಗೆ 7 ಮೈಲು ವೇಗ ಬೇಕು. ಅಂಕಿಯಲ್ಲಿ ಯಾಕೆ ಬರೆದೆ ಎಂದು ನಿನಗೆ ಗೊತ್ತಾಗಿರಬೇಕು. ಚಂದ್ರನ ಮೇಲೆ ತೂಕ ಆರನೆಯ ಒಂದು ಪಾಲು ಮಾತ್ರ, ನಿನ್ನಂಥ ದಪ್ಪ ಮನುಷ್ಯನೂ ಗೋಡೆ ಜಿಗಿಯಬಹುದು. ಉಸಿರಾಡಲು ಹವಾ ಇಲ್ಲಿಂದ ಹೊತ್ತೇ ಹೋಗಬೇಕು. ಇಬ್ಬರ ತಲೆಗೂ ಗಾಜಿನ ಟೋಪಿ ಹಾಕು.

ಒಂದು ದೊಡ್ಡ ತೊಂದರೆ ಇದೆ. ಹವಾ ಇಲ್ಲದ ಕಡೆ ಆವಾಜು ಇಲ್ಲ. ಮಲ್ಲಯ್ಯ ಮತ್ತು ರಹೀಮ ಎದುರುಬದುರು ನಿಂತು ಕಿರುಚಿದರೂ ಒಬ್ಬನ ಮಾತು ಮತ್ತೊಬ್ಬನ ಕಿವಿ ಮುಟ್ಟದು. ನಿನ್ನ ಕಥೆಯಲ್ಲಿ ಜನ ಉಸಿರು ಬಿಡದೆ ಮಾತಾಡುತ್ತಾರೆ ಎಂದು ನನಗೆ ಗೊತ್ತು. ಏನು ಮಾಡುತ್ತೀಯೋ ನೋಡು. ಆದರೆ ಖೋಟಾ ಬರೆಯಬೇಡ. ಒಂದು ಖೋಟಾ ಸೇರಿದರೂ ನಾನು ಮುಂದೆ ಓದಲಾರೆ.

ನಿನ್ನ
ಅಬ್ದುಲ ವಾಹೀದ


ಔರಾದ
16 ಫೆಬ್ರವರಿ 1948

ವಾಹೀದ,

ನೀನು ನನ್ನ ಕಥೆಯ ಕುತ್ತಿಗೆ ಹಿಚುಕಿದ್ದೀಯ. ಎರಡು ತಿಂಗಳಾಯಿತು, ಇಬ್ಬರೂ ಚಂದ್ರನ ಮೇಲೆ ಮೂಕರಾಗಿ ನಿಂತಿದ್ದಾರೆ. ಸನ್ನೆ ಮಾಡಿಸಿದೆ, ಮೂಕನಾಟಕದಂತೆ ಕಂಡಿತು. ಧೂಳಿನಲ್ಲಿ ಬೆರಳಿಂದ ಬರೆಸಿದೆ, ಸಾಲಿ ಹುಡುಗರ ಪಾಟಿಯಂತೆ ಕಂಡಿತು. ಮಾತಿಲ್ಲದ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ನಾನೇನು ಮಾಡಲಿ? ನಿನಗೆ ಹೇಳದೆ ಸುಮ್ಮನೆ ಮಾತಾಡಿಸಿಬಿಡೋಣ ಎನ್ನಿಸಿತು. ಓದುವವರಿಗೆ ಏನು ಗೊತ್ತಾಗುತ್ತದೆ? ಆದರೆ ಬರೆಯಲು ಕೂತರೆ ನಿನ್ನ ‘ಖೋಟಾ’ ಎಂಬ ಮಾತು ಹೆಗಲ ಮೇಲೆ ಬಂದು ಕೂರುತ್ತದೆ. ಹರಿದ ಹಾಳೆ ನೋಡಿ ಚಂದ್ರಭಾಗಾ ಒಲೆಗೆ ಉರುವಲು ಸಾಕಾಯಿತು ಎನ್ನುತ್ತಾಳೆ.

ಹೊರಗಿನ ಸುದ್ದಿ ನಿನಗೂ ಗೊತ್ತಿರಬೇಕು. ಖಾಕಿ ತೊಟ್ಟ ರಜಾಕಾರರು ವಾರಕ್ಕೊಮ್ಮೆ ಬಜಾರಿನಲ್ಲಿ ಕವಾಯತು ಮಾಡಿ ಹೋಗುತ್ತಾರೆ. ನಮ್ಮ ಓಣಿಯ ಎರಡು ಮನೆಗೆ ಬೀಗ ಬಿದ್ದಿದೆ. ಸಾಲೆಯಲ್ಲಿ ನಾನು ಯಾರೊಡನೆಯೂ ಕನ್ನಡ ಮಾತಾಡುತ್ತಿಲ್ಲ. ಮನೆಗೆ ಬಂದು ಬಾಗಿಲು ಹಾಕಿ ಚಂದ್ರನ ಬಗ್ಗೆ ಬರೆಯುತ್ತೇನೆ. ನನಗೇ ಒಮ್ಮೊಮ್ಮೆ ನಾಚಿಕೆಯಾಗುತ್ತದೆ. ಆದರೆ ಅದೊಂದು ಇಲ್ಲದಿದ್ದರೆ ಇಡೀ ದಿನ ಹೆದರಿಕೊಂಡೇ ಕೂರಬೇಕು.

ದಾರಿ ತೋರಿಸು. ಹಾರಿಸಲು ಮದ್ದು ಎಷ್ಟು ಬೇಕು, ಎಲ್ಲಿಂದ ಹಾರಿಸಬೇಕು ಎಂಬುದನ್ನೂ ಬರೆ.

ನಿನ್ನ
ಹಾವಗೆಪ್ಪ


ಬೀದರ
6 ಏಪ್ರಿಲ್ 1948

ಹಾವಗ್ಯಾ,

ಸಿಕ್ಕಿತು! ನಿನ್ನೆ ಶಮೀಮಗೆ ಮಂಚದ ಆ ತುದಿಗೆ ಕಿವಿ ಹಚ್ಚು ಅಂದೆ. ಈ ತುದಿಯಲ್ಲಿ ನಾನು ಉಗುರಿನಿಂದ ಮೆಲ್ಲಗೆ ಕೆರೆದೆ. ಆಕೆ ಬೆಚ್ಚಿ ಎದ್ದಲ— ನೋಡು, ಆ ಅಕ್ಷರ ನುಗ್ಗುತ್ತಿತ್ತು, ಹೊಡೆದುಹಾಕಿದೆ. ಆಕೆ ಬೆಚ್ಚಿ ಎದ್ದು ಕೂತುಬಿಟ್ಟಿದ್ದು ಖರೆ. ಕಟ್ಟಿಗೆಯಲ್ಲಿ ಆವಾಜು ಹವಾಕ್ಕಿಂತ ಜೋರಾಗಿ ಓಡುತ್ತದೆ, ಗಾಜಿನಲ್ಲೂ ಓಡುತ್ತದೆ. ಇಬ್ಬರ ತಲೆ ಮೇಲೂ ಗಾಜಿನ ಟೋಪಿ ಇದೆಯಲ್ಲ. ಟೋಪಿಗೆ ಟೋಪಿ ತಾಗಿಸಿ ನಿಂತರೆ ಮಾತು ಹೋಗುತ್ತದೆ. ದೂರ ಸರಿದರೆ ಏನೂ ಇಲ್ಲ. ತಕರಾರು ಮಾಡಬೇಕಾದರೂ ತಲೆಗೆ ತಲೆ ಹಚ್ಚಿಯೇ ಮಾಡಬೇಕು.

ಬಾರೂದಿನ ಲೆಕ್ಕ ಬೇರೆ ಕಾಗದದಲ್ಲಿ ಇಟ್ಟಿದ್ದೇನೆ. ಗೋಲದ ತೂಕ ನಲವತ್ತು ಮಣ ಹಿಡಿದೆ. ಖರೆ ಅಂದರೆ ಸರಕಾರದ ಬಾರೂದಖಾನೆ ಪೂರಾ ಖಾಲಿ ಮಾಡಿದರೂ ಸಾಲದು, ಸದ್ಯ ಸಾವಿರ ಮಣ ಎಂದು ಇರಲಿ. ಹಾರಿಸಲು ಅಷ್ಟೂರಿನ ಗುಂಬಜದ ಹಿಂದಿನ ಮೈದಾನ ಸರಿ. ನಾನೇ ಹೋಗಿ ಹೆಜ್ಜೆ ಹಾಕಿ ಅಗಲ ಗುರುತು ಮಾಡಿ ಬಂದೆ. ಅಲ್ಲಿ ಜನ ಕಮ್ಮಿ. ನಕಾಶೆಯೂ ಜೊತೆಗಿದೆ.

ನನ್ನ ಸಾಲೆಯ ಹಿರಿಯರು ಖಾಕಿ ಹೊಲಿಸಿ ಕವಾಯತಿಗೆ ಬಾ ಎಂದರು. ಕಣ್ಣು ಮಂದ ಎಂದು ನೆಪ ಹೂಡಿದೆ. ಎಷ್ಟು ದಿನ ನಡೆಯುತ್ತದೋ. ಈ ಕಡೆಯವರು ಸಂಶಯದಿಂದ ನೋಡುತ್ತಾರೆ, ಆ ಕಡೆಯವರು ಮಾತು ಬಿಟ್ಟಿದ್ದಾರೆ. ನಿನ್ನ ಕಾಗದ ಬಂದ ದಿನ ಮಾತ್ರ ಮನುಷ್ಯನಂತೆ ಅನ್ನಿಸುತ್ತದೆ.

ನಿನ್ನ
ವಾಹೀದ


ಔರಾದ
14 ಮೇ 1948

ವಾಹೀದ,

ಬರೆದೆ! ನಾಲ್ಕು ತಿಂಗಳು ಸತ್ತು ಬಿದ್ದಿದ್ದ ಕಥೆ ನಿನ್ನ ಮಂಚದ ಕಾಲು ಹಿಡಿದು ಎದ್ದು ನಿಂತಿತು. ಗೋಳದ ಬಾಗಿಲು ಸರಿಯಾಗಿ ಹಾಕದವರು ಯಾರು ಎಂದು ಇಬ್ಬರೂ ತಲೆಗೆ ತಲೆ ಹಚ್ಚಿ ಜಗಳಾಡುತ್ತಾರೆ. ಸಿಟ್ಟು ಬಂದು ಮಲ್ಲಯ್ಯ ದೂರ ಸರಿದರೆ ಅವನ ಬೈಗುಳ ಅವನಿಗೇ ಉಳಿಯುತ್ತದೆ. ಸರಿಯಾಗಿ ಬೈಯಬೇಕೆಂದರೂ ಮತ್ತೆ ಹತ್ತಿರ ಬರಬೇಕು. ಬರೆಯುತ್ತಾ ನಾನೊಬ್ಬನೇ ನಕ್ಕೆ. ಕೊನೆಯಲ್ಲಿ ಹವಾ ಒಬ್ಬನಿಗೆ ಸಾಲುವಷ್ಟೇ ಉಳಿಯುತ್ತದೆ. ರಹೀಮ ಅದನ್ನು ಎರಡು ಪಾಲು ಮಾಡುತ್ತಾನೆ. ಇಬ್ಬರೂ ತಲೆ ಹಚ್ಚಿಕೊಂಡು, ಒಬ್ಬ ಉಸಿರೆಳೆದಾಗ ಇನ್ನೊಬ್ಬ ಬಿಗಿಹಿಡಿದು, ಎಣಿಸುತ್ತಾ ಹಿಂದಿರುಗುತ್ತಾರೆ. ಚಂದ್ರಭಾಗಾ ಕೇಳಿ ಕಣ್ಣೊರೆಸಿಕೊಂಡು, “ಈ ರಹೀಮ ಅಂಬಾವ ನಿಮ್ಮ ವಾಹೀದನ ಹೌದಲ್ಲರಿ?” ಎಂದಳು. ತೊಂಬತ್ತೆರಡು ಪುಟವಾಗಿದೆ. ಇಂಥ ಸುಖ ನನಗೆ ಯಾವುದರಿಂದಲೂ ಸಿಕ್ಕಿಲ್ಲ, ಮದುವೆಯಿಂದಲೂ ಇಲ್ಲ. ಇದನ್ನು ಚಂದ್ರಭಾಗಾಗೆ ಓದಿ ಹೇಳುವುದಿಲ್ಲ.

ಪ್ರತಿ ಮಾಡಿ ಕಳಿಸೋಣವೆಂದರೆ ಹೊತ್ತಿಲ್ಲ. ಭಾಲ್ಕಿಯ ಕಡೆಯಿಂದ ಬರುತ್ತಿರುವ ಸುದ್ದಿ ಬರೆಯಲು ಕೈ ಬರುತ್ತಿಲ್ಲ. ರಜಾಕಾರರು ಚಂದ್ರಭಾಗಾಳ ತವರಿನ ಮೇಲೂ ಬಿದ್ದಿದ್ದಾರೆ. ನಾವು ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗುತ್ತೇವೆ. ನಾಕಾದಲ್ಲಿ ಗಂಟು ಬಿಚ್ಚಿ ಪ್ರತಿಯೊಂದು ಕಾಗದ ನೋಡುತ್ತಾರಂತೆ. ನೀನು ಹುಷಾರಾಗಿರು. ಕಣ್ಣು ಇನ್ನಷ್ಟು ಮಂದ ಮಾಡಿಕೋ.

ನಿನ್ನ
ಹಾವಗೆಪ್ಪ


ಭಾಲ್ಕಿ
21 ನವೆಂಬರ್ 1948

ಶಮೀಮ ಭಾಬಿಯವರಿಗೆ, ಹಾವಗೆಪ್ಪನು ತಲೆ ತಗ್ಗಿಸಿ ಬರೆಯುವ ಕಾಗದ.

ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ತಿಂಗಳಾದ ಮೇಲೆ ನಾವು ಮರಳಿ ಬಂದೆವು. ವಾಹೀದನನ್ನು ಹಿಡಿದು ಜೇಲಿನಲ್ಲಿಟ್ಟಿದ್ದಾರೆ ಎಂದು ಮೊನ್ನೆ ತಿಳಿಯಿತು. ಯಾಕೆ ಹಿಡಿದರು ಎಂಬುದು ನಿಮಗೆ ಯಾರಾದರೂ ಹೇಳಿರಬಹುದು. ಅದು ಹೇಗಾಯಿತು ಎಂಬುದನ್ನು ನಾನೇ ಹೇಳಬೇಕು.

ಔರಾದ ಬಿಡುವ ಮುಂಜಾನೆ ನನ್ನ ಕಥೆಯ ತೊಂಬತ್ತೆರಡು ಪುಟವನ್ನೂ ನೀರೊಲೆಗೆ ಹಾಕಿದೆ. ಭಾಲ್ಕಿಯ ದಾರಿಯ ನಾಕಾದಲ್ಲಿ ನನ್ನ ಕೈಬರಹದ ಅಷ್ಟೊಂದು ಕನ್ನಡ ಸಿಕ್ಕರೆ ಚಂದ್ರಭಾಗಾಳ ಗತಿಯೇನು ಎಂದು ಹೆದರಿದೆ. ವಾಹೀದನ ಎರಡು ಕಾಗದ ಮಾತ್ರ ಸುಡಲು ಮನಸ್ಸಾಗಲಿಲ್ಲ. ಅವನು ಒಂದೊಂದು ಮಾತು ಆರಿಸಿ ಬರೆದ ಕಾಗದ ಅವು. ಟ್ರಂಕಿನಲ್ಲಿ ಹೆಂಡತಿಯ ಧಾರೆ ಸೀರೆಯ ಕೆಳಗಿಟ್ಟು, ಭಾಲ್ಕಿಯಲ್ಲಿ ಅವಳ ತಮ್ಮ ಬಸವಣ್ಣೆಪ್ಪನ ಮನೆಯಲ್ಲಿ ಬಿಟ್ಟು ಹೋದೆ. ನನ್ನದನ್ನು ಸುಟ್ಟೆ, ಅವನದನ್ನು ಉಳಿಸಿದೆ. ತಿರುಗಾಮುರುಗಾ ಮಾಡಿದ್ದರೆ ಇವತ್ತು ಅವನು ನಿಮ್ಮ ಮನೆಯಲ್ಲಿರುತ್ತಿದ್ದ.

ಅಕ್ಟೋಬರಿನಲ್ಲಿ ಬಸವಣ್ಣೆಪ್ಪನೇ ಟ್ರಂಕು ತೆಗೆದು, ಕಾಗದಗಳನ್ನು ಓದಿ, ಮಿಲಿಟರಿ ಸಾಹೇಬರಿಗೆ ಕೊಟ್ಟಿದ್ದಾನೆ. ನಾನು ಕೂಗಾಡಿದೆ. ಅವನು ಹೇಳಿದ: “ಗೋಲ ಅಂತ ಬರದಾನ, ಬಾರೂದ ಅಂತ ಬರದಾನ, ಅಷ್ಟೂರ ಮೈದಾನದಾಗ ಜನ ಕಮ್ಮಿ ಅಂತ ಬರದಾನ. ನಾ ಏನ್ ತಿಳ್ಕೊಬೇಕಾಗಿತ್ತು ಮಾಮಾ?” ಅವನ ಅಣ್ಣನನ್ನು ಮೇ ತಿಂಗಳಲ್ಲಿ ಕಡಿದು ಹಾಕಿದ್ದಾರೆ, ಮನೆಯ ಅರ್ಧ ಸುಟ್ಟಿದೆ. ಅವನ ಮೇಲೆ ಸಿಟ್ಟು ಮಾಡಲೂ ನನಗೆ ಬಾಯಿಲ್ಲ.

ಅದು ಗುಂಡಿನ ಗೋಲಾ ಅಲ್ಲ, ನನ್ನ ಕಥೆಯ ಗೋಳ. ಎಲ್ಲಿಗೆ ಬಂದು ಯಾರ ಮುಂದೆ ಹೇಳಬೇಕು ಬರೆಯಿರಿ, ಬರುತ್ತೇನೆ.

ನಿಮ್ಮ ತಪ್ಪಿತಸ್ಥ
ಹಾವಗೆಪ್ಪ


ಬೀದರ
5 ಡಿಸೆಂಬರ್ 1948

ಹಾವಗೆಪ್ಪ ಭಾಯಿಗಿ ಶಮೀಮಳ ಸಲಾಮು.

ನಾ ಹೇಳ್ತೇನಿ, ಬಾಜೂ ಮನಿ ಪ್ರಮಿಲಾ ಬರೀತಾಳ. ಏನೂ ತಿದ್ದಬ್ಯಾಡ ಅಂತ ಹೇಳೇನಿ.

ನಾ ಸಾಹೇಬರ ಕಚೇರಿಗಿ ಮೂರು ಸಲ ಹೋಗಿ ಬಂದೇನ್ರಿ. ಸಾಹೇಬರು ಮದ್ರಾಸ ಕಡಿಯವರು, ಕನ್ನಡ ಬರಲ್ಲ. ಒಬ್ಬ ಮುನಶಿ ಓದಿ ಹೇಳ್ತಾನ. ಆ ಮುನಶಿ ಅಂದ, ಚಂದ್ರ ಅಂದ್ರ ಚಾಂದ, ಚಾಂದ ಅಂದ್ರ ಆ ಕಡಿ ದೇಶದ ನಿಶಾನಿ, ಇದು ಗುಪ್ತ ಭಾಷಾ ಅದ ಅಂತ. ನಿಮ್ಮ ದೋಸ್ತನಿಗಿ ಎದುರಿಗಿ ನಿಲ್ಲಿಸಿ ‘ಗೋಳ’ ಅನ್ನು ಅಂದ್ರು. ಇವರಿಗಿ ಬರಲಿಲ್ಲ. ಹತ್ತು ಸಲ ಅನಸಿದ್ರು, ಹತ್ತೂ ಸಲ ಗೋಲ ಗೋಲ ಅಂದ್ರು. ಮುನಶಿ ನಕ್ಕ. ನನಗ ನೆಲ ಬಾಯಿ ಬಿಡಬಾರದ್ಯಾಕ ಅನಿಸ್ತು.

ಅದು ಕಥಿ ಅಂತ ನಂಗ ಗೊತ್ತದರಿ. ಮಂಚಕ್ಕ ಕಿವಿ ಹಚ್ಚಿ ಕುಂತಾಕಿ ನಾನ. ಅದನ್ನ ಸಾಹೇಬರಿಗಿ ಹೇಳಿದ್ರ ಅವರು ಪೆನ್ನು ಕೆಳಗ ಇಟ್ಟು ನನ್ನ ಮಾರಿ ನೋಡಿದ್ರು, ಏನೂ ಬರಕೊಳ್ಳಲಿಲ್ಲ. ಕಡೀಕ ಒಂದ ಮಾತಂದ್ರು: ಕಥಿ ಅಂದ್ರ ಕಥಿ ತಂದು ತೋರಸ್ರಿ, ಹದಿನೈದು ದಿನ ಕೊಡ್ತೇನಿ.

ನೀವು ಸುಟ್ಟೀರಿ ಅಂತ ಬರದೀರಿ. ನಾ ನಿಮಗ ಬೈಯಲ್ಲರಿ. ಬೈದ್ರ ನೀವು ಅಳ್ತೀರಿ, ಅತ್ರ ಕಥಿ ಬರಿಯೂದು ಯಾರು? ಕುಂತು ಬರೀರಿ. ಮದಲ ಹ್ಯಾಂಗಿತ್ತೋ ಹಾಂಗ ಬರೀರಿ.

ಶಮೀಮ (ಹೆಬ್ಬೆಟ್ಟು)


ಭಾಲ್ಕಿ
19 ಡಿಸೆಂಬರ್ 1948

ಭಾಬಿಯವರಿಗೆ,

ಬಸವಣ್ಣೆಪ್ಪನ ಕೈಯಲ್ಲೇ ಈ ಕಾಗದವನ್ನೂ ಕಥೆಯನ್ನೂ ಕಳಿಸುತ್ತಿದ್ದೇನೆ. ಅವನಾಗಿಯೇ ಒಯ್ಯುತ್ತೇನೆ ಎಂದ. ಕಥೆಯನ್ನು ನೇರ ಸಾಹೇಬರಿಗೆ ಕೊಡಲಿ.

ಹನ್ನೊಂದು ದಿನ ಕೂತೆ. ಮೊದಲ ಎಂಟು ದಿನ ಒಂದು ಸಾಲೂ ಸರಿಯಾಗಿ ಬರಲಿಲ್ಲ. ಕಥೆ ಚೆನ್ನಾಗಿತ್ತು ಎಂಬುದು ನೆನಪಿದೆ, ಹೇಗಿತ್ತು ಎಂಬುದು ನೆನಪಿಲ್ಲ. ಸಂತೋಷದಿಂದ ಬರೆದದ್ದನ್ನು ಹೆದರಿಕೆಯಿಂದ ಬರೆಯಲು ಹೋದರೆ ಕೈ ನಡೆಯುವುದಿಲ್ಲ. ಬರೆದ ಪ್ರತಿಯೊಂದು ಸಾಲನ್ನೂ ಆ ಮುನಶಿಯ ಕಣ್ಣಿನಿಂದ ಓದಿದೆ. ಸಾವಿರ ಮಣ ಬಾರೂದು ಎಂದು ಬರೆದೆ, ಹೊಡೆದುಹಾಕಿದೆ. ಲೆಕ್ಕ ಸರಿಯಿದ್ದಷ್ಟೂ ಅದು ಮದ್ದುಗುಂಡಿನ ಲೆಕ್ಕದಂತೆಯೇ ಕಂಡಿತು. ಇಂಥ ಕಥೆಯನ್ನು ಇಲ್ಲಿ ಯಾರೂ ಓದಿಲ್ಲ, ಕೇಳಿಲ್ಲ. ರಾಜನ ಕಥೆಯಾಗಿದ್ದರೆ, ದೇವರ ಕಥೆಯಾಗಿದ್ದರೆ ಒಂದು ಪುಟ ಓದಿ ನಂಬುತ್ತಿದ್ದರು.

ಅದಕ್ಕೆ ಬದಲಿಸಿದೆ. ಬಾರೂದು ತೆಗೆದೆ, ಅಷ್ಟೂರು ತೆಗೆದೆ. ಈಗ ಒಬ್ಬ ಋಷಿ ಭಸ್ಮ ಕೊಡುತ್ತಾನೆ, ಗೋಳ ಅದರಿಂದ ಹಾರುತ್ತದೆ. ಚಂದ್ರನ ಮೇಲೆ ಚಂದ್ರದೇವನಿದ್ದಾನೆ, ಗೆಳೆಯರಿಬ್ಬರೂ ಅವನೊಡನೆ ಧಾರಾಳವಾಗಿ ಮಾತಾಡುತ್ತಾರೆ, ವರ ಪಡೆದು ಬರುತ್ತಾರೆ. ಇನ್ನೊಂದು ಬದಲಾವಣೆ ಮಾಡಿದ್ದೇನೆ. ರಹೀಮ ಈಗ ರಾಮಯ್ಯ. ಈಗಿನ ಕಾಲದಲ್ಲಿ ಆ ಹೆಸರು ಓದಿ ಅವರ ಮನಸ್ಸು ಕೆಡುವುದು ಬೇಡ ಎಂದು ಹಾಗೆ ಮಾಡಿದೆ. ಮಗುವಿನ ಕೈಗೆ ಕೊಟ್ಟರೂ ಇದು ಕಥೆಯೇ ಎನ್ನುತ್ತದೆ. ಓದಿದರೆ ನನಗೇ ಹೇಸಿಗೆ ಬರುತ್ತದೆ. ಬರಲಿ, ವಾಹೀದ ಹೊರಗೆ ಬಂದರೆ ಸಾಕು.

ಮೊದಲಿದ್ದ ಹಾಗೇ ಬರೆಯಿರಿ ಎಂದು ನೀವು ಹೇಳಿದ್ದಿರಿ. ಆಗಲಿಲ್ಲ. ಅವನಿಗೆ ಇದನ್ನು ಹೇಳಬೇಡಿ, ಬೈಯುತ್ತಾನೆ. ಬಿಡುಗಡೆಯಾದ ಮೇಲೆ ಎದುರಿಗೇ ನಿಂತು ಬೈಸಿಕೊಳ್ಳುತ್ತೇನೆ.

ಹಾವಗೆಪ್ಪ


ಬೀದರ ಜೇಲು
27 ಫೆಬ್ರವರಿ 1949

ಹಾವಗ್ಯಾ,

ಕಾಗದ ಬರೆಯಲು ಇವತ್ತು ಅನುಮತಿ ಸಿಕ್ಕಿತು. ಸಮಯ ಕಡಿಮೆ, ಆದರೂ ಆ ಅಕ್ಷರ ತಪ್ಪಿಸಿಯೇ ಬರೆಯುತ್ತಿದ್ದೇನೆ. ಅಭ್ಯಾಸವಾಗಿದೆ.

ಹೋದ ತಿಂಗಲ ಕೊನೆಗೆ (ಅಯ್ಯೋ, ತಪ್ಪಿಸಿದರೂ ಬಂತು) ಸಾಹೇಬರು ಕರೆಸಿದರು. ನಿನ್ನ ದೋಸ್ತ ಬರೆದ ಕಥೆ ಈ ಮೇಜಿನಲ್ಲಿದೆ, ಅದನ್ನು ನಾನಿನ್ನೂ ಓದಿಸಿಲ್ಲ, ಮೊದಲು ನಿನ್ನ ಬಾಯಿಂದ ಬರಲಿ ಎಂದರು. ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ನೀನು ಬರೆದಿದ್ದೀಯ, ಇನ್ನೇನು ಭಯ! ನಿನ್ನ ಕೊನೆಯ ಕಾಗದ ನನಗೆ ಬಾಯಿಪಾಠ. ಮಧ್ಯಾಹ್ನ ಪೂರ್ತಿ ನಿಂತು ಉರ್ದುವಿನಲ್ಲಿ ಕಥೆ ನುಡಿದೆ. ಎರಕ ಹೊಯ್ಯುವುದರಿಂದ ಶುರು ಮಾಡಿದೆ. 7 ಮೈಲಿನ ಲೆಕ್ಕ ಗೋಡೆ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದೆ. ಟೋಪಿಗೆ ಟೋಪಿ ತಾಗಿಸುವ ಮಾತು ಬಂದಾಗ ಬಾಗಿಲ ಬದಿಯ ಇಬ್ಬರು ಸಿಪಾಯಿ ತಲೆಗೆ ತಲೆ ಹಚ್ಚಿ ನೋಡಿದರು. ಮುನಶಿ ಬರೆಯುವುದನ್ನು ಮರೆತ. ರಹೀಮ ಹವಾ ಎರಡು ಪಾಲು ಮಾಡುವಾಗ ನಾನು ದಣಿದು ನಿಂತೆ. “ಆಮೇಲೆ?” ಅಂದರು ಸಾಹೇಬರು. ಹಾವಗ್ಯಾ, ನಿನ್ನ ಕಥೆ ಅಷ್ಟು ಚಲೋ ಇದೆ.

ಆಮೇಲೆ ಅವರು ಮೇಜಿನಿಂದ ನಿನ್ನ ಪುಸ್ತಕ ತೆಗೆಸಿ ಓದಿಸಿದರು. ಋಷಿ, ಭಸ್ಮ, ಚಂದ್ರದೇವ, ರಾಮಯ್ಯ. ಸಾಹೇಬರ ಮುಖ ಸಣ್ಣದಾಯಿತು. ಅವರಿಗೂ ಬೇಸರವಾಗಿರಬೇಕು. ಎರಡರಲ್ಲಿ ಯಾವುದು ಖರೆ ಎಂದರು. ನಿನ್ನದು ಖರೆ ಅಂದರೆ ಗೋಲಕ್ಕೆ ಬಾರೂದಿಲ್ಲ, ನನ್ನ ಲೆಕ್ಕಕ್ಕೆ ಅರ್ಥ ಇಲ್ಲ. ನನ್ನದು ಖರೆ ಅಂದರೆ ನೀನು ಸರಕಾರಕ್ಕೆ ಖೋಟಾ ಕಾಗದ ಕೊಟ್ಟವನು, ನಿನಗೂ ಬೇಡಿ. ನಾನು ಸುಮ್ಮನಾದೆ.

7 ವರ್ಷ ಅಂದಿದ್ದಾರೆ. ಮುಂದಿನ ವಾರ ಗುಲಬರ್ಗಾ ಜೇಲಿಗೆ ಒಯ್ಯುತ್ತಾರೆ. ಶಮೀಮ ತವರಿಗೆ ಹೋಗಲಿ ಎಂದಿದ್ದೇನೆ, ಆಕೆ ಒಪ್ಪುತ್ತಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಭಯ ಅಂದರೆ ಏನೆಂದು ನನಗೂ ಗೊತ್ತು. ಋಷಿ ಯಾಕೆ ಬಂದ, ಭಸ್ಮ ಯಾಕೆ ಬಂತು, ಅದೂ ಅರ್ಥವಾಗುತ್ತದೆ. ಒಂದೇ ಒಂದು ಮಾತು ವಿಚಾರಿಸಬೇಕು. ರಹೀಮನನ್ನು ಯಾಕೆ ತೆಗೆದೆ?

ವಾಹೀದ


ಭಾಲ್ಕಿ
8 ಮೇ 1949

ವಾಹೀದ,

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಎರಡು ತಿಂಗಳು ಹಿಡಿಯಿತು. ಹೆದರಿ ತೆಗೆದೆ. ಬೇರೆ ಕಾರಣ ಇದ್ದಿದ್ದರೆ ಹೇಳುತ್ತಿದ್ದೆ. ನಿನ್ನನ್ನು ಉಳಿಸಲು ನಿನ್ನನ್ನೇ ತೆಗೆದುಹಾಕಿದೆ, ಮತ್ತು ಬರೆಯುವಾಗ ಅದು ಜಾಣತನ ಎಂದು ತಿಳಿದಿದ್ದೆ.

ನಿನ್ನ ಕಾಗದ ಬಂದ ಮರುದಿನವೇ ಬೀದರಿಗೆ ಓಡಿದೆ. ನಾನು ಕೊಟ್ಟದ್ದು ಸುಳ್ಳು ಪ್ರತಿ, ಬೇಡಿ ಹಾಕುವುದಾದರೆ ನನಗೆ ಹಾಕಿರಿ ಎಂದು ಹೇಳಲು ಹೋದೆ. ಆ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ಫೈಲು ಹೈದರಾಬಾದಿಗೆ ಹೋಗಿದೆ ಎಂದರು. ಹೈದರಾಬಾದಿನಲ್ಲಿ ಮೂರು ದಿನ ಕಚೇರಿಯ ಹೊರಗೆ ಒಂದು ಬೆಂಚಿನ ಮೇಲೆ ಕೂತೆ. ಫೈಲು ಮುಚ್ಚಿದೆ ಎಂದರು. ಅರ್ಜಿ ತೆಗೆದುಕೊಂಡರು, ರಸೀದಿ ಕೊಡಲಿಲ್ಲ. ಯಾರೂ ಗದರಿಸಲಿಲ್ಲ, ಯಾರೂ ಬೇಡಿ ಹಾಕಲೂ ಇಲ್ಲ.

ಮನೆಗೆ ಬಂದು ಬರೆಯಲು ಕೂತೆ. ಯಾಕೆಂದು ಕೇಳಬೇಡ, ಕೈಗೆ ಬೇರೆ ಕೆಲಸ ತಿಳಿಯಲಿಲ್ಲ. ನೀನು ಸಾಹೇಬರ ಮುಂದೆ ನಿಂತು ಹೇಳಿದ ಹಾಗೆಯೇ, ಎರಕದಿಂದ ಶುರು ಮಾಡಿದೆ. ಹತ್ತೊಂಬತ್ತು ದಿನದಲ್ಲಿ ನೂರಾ ಹನ್ನೆರಡು ಪುಟ ಬಂತು. ಒಂದು ಕಡೆಯೂ ಕೈ ನಿಲ್ಲಲಿಲ್ಲ. ಯಾವ ಮುನಶಿಯೂ ನೆನಪಾಗಲಿಲ್ಲ. ಮಾತಿಗಾಗಿ ಹುಡುಕಾಡಲಿಲ್ಲ, ಅವೇ ಬಂದವು. ಬಸವಣ್ಣೆಪ್ಪ ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಮುಗಿದ ಮೇಲೆ, “ಇದನ್ನ ಮದಲ ಓದಿದ್ರ ನಾ ಆ ಕಾಗದ ಕೊಡ್ತಿದ್ದೆನೇನು ಮಾಮಾ?” ಎಂದು ಗೋಡೆಗೆ ಮುಖ ಮಾಡಿ ಅತ್ತ. ಕಥೆ ಚೆನ್ನಾಗಿ ಬಂದಿದೆ ವಾಹೀದ. ಸುಟ್ಟದ್ದಕ್ಕಿಂತ ಚೆನ್ನಾಗಿ ಬಂದಿದೆ. ನೀನು ಒಳಗಿರುವಾಗ ಇದು ಇಷ್ಟು ಚೆನ್ನಾಗಿ ಬಂದದ್ದಕ್ಕೆ ನನಗೆ ನಾಚಿಕೆಯಾಗುತ್ತದೆ.

ಮೊನ್ನೆ ಅದನ್ನು ಹಿಡಿದುಕೊಂಡು ಗುಲಬರ್ಗಾಕ್ಕೆ ಬಂದಿದ್ದೆ. ನಿನ್ನನ್ನು ನೋಡಲು ಬಿಡಲಿಲ್ಲ. ಪುಸ್ತಕವನ್ನಾದರೂ ಒಳಗೆ ಕೊಡಿ ಎಂದೆ. ಬಾಗಿಲಲ್ಲಿದ್ದ ಜಮಾದಾರ ಪುಟ ತಿರುವಿ ಲೆಕ್ಕದ ಹಾಳೆ ನೋಡಿದ. ತೂಕ, ವೇಗ, ಬಾರೂದು ಇರುವ ಕಾಗದ ಕೈದಿಗೆ ಕೊಡಲು ಬರುವುದಿಲ್ಲ ಎಂದ. ಕೆಟ್ಟ ಮನುಷ್ಯನಲ್ಲ ಅವನು. ನನ್ನ ಮುಖ ನೋಡಿ, ಬ್ಲೇಡು ತಂದು ಕೊಟ್ಟು, “ಈ ನಾಕ್ ಹಾಳಿ ಕತ್ತರಿಸಿ ತಗೀರಿ ಮಾಸ್ತರ, ಉಳಿದದ್ದು ಈಗಿಂದೀಗ ಅವರ ಕೈಗಿ ಮುಟ್ಟಸ್ತೇನಿ” ಎಂದ.

ಬ್ಲೇಡು ಹಿಡಿದು ಬಹಳ ಹೊತ್ತು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ಕತ್ತರಿಸಿದ್ದರೆ ಇಷ್ಟು ಹೊತ್ತಿಗೆ ನೀನು ಓದುತ್ತಿದ್ದೆ. ಕತ್ತರಿಸಲಿಲ್ಲ. ಪುಸ್ತಕ ಮತ್ತೆ ಬಗಲಿಗಿಟ್ಟುಕೊಂಡು ಊರಿಗೆ ಬಂದೆ.

ಹಾವಗೆಪ್ಪ